ಡಬ್ಲಿನ್ನಿಗೆ ಒಂದು ತಪ್ಪನ್ನು ಹೊತ್ತುಕೊಂಡು ಹೋದದ್ದು

ಗೋಪಾಳ, ಹೊರಡುವ ಮುಂಚೆ

ಐರ್ಲೆಂಡ್ ನೋಡಲು ಹೋಗುತ್ತಿದ್ದೇನೆ ಎಂದು ನಾನು ಶಿವಮೊಗ್ಗದಲ್ಲಿ ಮೊದಮೊದಲು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು. ಟಿಕೆಟ್ ಕೈಗೆ ಬರುವವರೆಗೆ ಐರ್ಲೆಂಡ್ ಭೂಪಟದಲ್ಲಿ ಯಾವ ಮೂಲೆಯಲ್ಲಿದೆ ಎಂದು ಕೂಡ ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಾನು ಹೋದದ್ದು ಕೆಲಸ ಕೇಳಲು. ಭಾರಿ ದೊಡ್ಡ ಕಂಪ್ಯೂಟರ್ ಕಂಪನಿಯೊಂದರಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎಂಬ ಹುದ್ದೆಯ ಸಂದರ್ಶನಕ್ಕೆ. ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬೇಕು ಎಂದು ಬಾಯಿಬಿಟ್ಟರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಹೆದರಿ, ಕಟ್ಟಿಕೊಂಡ ಗಂಡನಿಗೂ ‘ಸುಮ್ನೆ ಊರು ನೋಡ್ಕೊಂಡ್ ಬರ್ತೀನಿ, ಅವ್ರೇ ಟಿಕೆಟ್ ಕೊಡ್ತಾರಂತೆ’ ಎಂದಿದ್ದೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಹೀಗೆ ಮನುಷ್ಯನಿಗೆ ಆಗುವುದೆಲ್ಲವನ್ನೂ ಟೈಪ್ ಮಾಡಿ ಕೊಡುತ್ತೇನೆ. ಮನೆ ಇರುವುದು ಶಿವಮೊಗ್ಗದ ಗೋಪಾಳದಲ್ಲಿ. ಎಂಜಿನಿಯರಿಂಗ್ ಓದಿದ ಹುಡುಗಿ ದಿನಾ ಬಸ್ಸು ಹತ್ತಿ ಹೋಗಿ ಲಗ್ನಪತ್ರಿಕೆ ಕುಟ್ಟುತ್ತಾಳಲ್ಲ ಎಂದು ನಮ್ಮ ಬಡಾವಣೆಯವರು ನನ್ನನ್ನು ಕಂಡಾಗಲೆಲ್ಲ ಮರುಗುತ್ತಾರೆ. ಮರುಗಿ ಮುಗಿದ ಮೇಲೆ ತಮ್ಮ ಮಗಳ ಕಾರ್ಡಿಗೆ ರಿಯಾಯಿತಿ ಕೇಳುತ್ತಾರೆ.

ಆ ದೊಡ್ಡ ಕಂಪನಿಯ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು. ವರನ ಹೆಸರಿನ ಒತ್ತು ಜಾರಿ, ಕೆಳಗಿನ ಸಾಲಿನಲ್ಲಿ ವಧುವಿನ ತಲೆಯ ಮೇಲೆ ಹೋಗಿ ಕೂರುತ್ತಿತ್ತು. ಮದುವೆಗೆ ಮುಂಚೆ ಇಷ್ಟು ಸಲಿಗೆ ಹಿರಿಯರಿಗೆ ಹಿಡಿಸುತ್ತಿರಲಿಲ್ಲ. ನಾನು ಕಂಪನಿಗೆ ಮೇಲ್ ಬರೆದೆ. ಉತ್ತರವಿಲ್ಲ. ಇನ್ನೊಂದು ಬರೆದೆ, ಸ್ವಲ್ಪ ಖಾರವಾಗಿ. ಹೀಗೆ ವರ್ಷಗಟ್ಟಲೆ ಬರೆದು ಬರೆದು, ಬೈಯುವುದರಲ್ಲಿ ನನ್ನ ಇಂಗ್ಲಿಷ್ ಬಹಳ ಸುಧಾರಿಸಿತು. ಕೊನೆಗೊಂದು ದಿನ ಯಾರೋ ಪುಣ್ಯಾತ್ಮ ಉತ್ತರ ಬರೆದ. ಭಾರತೀಯ ಭಾಷೆಗಳಿಗೆಂದೇ ಡಬ್ಲಿನ್ನಿನಲ್ಲಿ ಹೊಸ ತಂಡ ಕಟ್ಟುತ್ತಿದ್ದೇವೆ, ಇಷ್ಟು ಕೋಪ ಇರುವವರು ನಮಗೆ ಬೇಕು, ಸಂದರ್ಶನಕ್ಕೆ ಬನ್ನಿ ಎಂದಿದ್ದ. ನಾನು ಆ ಮೇಲನ್ನು ಪ್ರಿಂಟ್ ತೆಗೆದು, ಯಾರಿಗೂ ತೋರಿಸದೆ, ಸೀರೆಗಳ ನಡುವೆ ಇಟ್ಟೆ.

ಅತ್ತೆಗೆ ಮಾತ್ರ ವಿಷಯ ಹೇಗೋ ಗೊತ್ತಾಯಿತು. ಅವರಿಗೆ ಗೊತ್ತಾಗದ ವಿಷಯ ಗೋಪಾಳದಲ್ಲಿ ಇನ್ನೂ ಹುಟ್ಟಿಲ್ಲ.

“ಏನ್ ಕೆಲ್ಸನೇ ಅದು?”

“ಏನ್ ಮಾಡ್ಬೇಕು ಅಂತ ಬೇರೆಯವ್ರಿಗೆ ಹೇಳೋದು ಅತ್ತೆ.”

“ನೀನ್ ಏನೂ ಮಾಡಲ್ವಾ?”

“ಇಲ್ಲ. ಮಾಡಿಸೋದು.”

“ಮಾಡ್ದೇ ಇದ್ರೆ ಬೈಬಹುದಾ?”

“ಬೈಯೋ ಹಂಗಿಲ್ಲ. ಅವ್ರು ಯಾರೂ ನಮ್ಮ ಕೈಕೆಳಗಿರಲ್ಲ. ನಯವಾಗಿ ಕೇಳ್ಕೊಂಡು, ಎಲ್ರನ್ನೂ ಸಂಭಾಳಿಸ್ಕೊಂಡು, ಕೆಲ್ಸ ಕೆಟ್ರೆ ನಾವು ಅನ್ನಿಸ್ಕೋಬೇಕು.”

“ಅದು ಸೊಸೆ ಕೆಲ್ಸ ಅಲ್ವೇನೆ ಮಾರಾಯ್ತಿ. ಅದಕ್ಕ್ಯಾಕೆ ವಿಮಾನ ಹತ್ಬೇಕು?”

ಹೀಗೆಂದವರು ಮಾರನೆಯ ದಿನವೇ ಕೋಟೆ ರಸ್ತೆಯ ಬಟ್ಟೆ ಅಂಗಡಿಯಿಂದ ಹಿಡಿದು ಗೋಪಾಳದ ಹಾಲಿನ ಬೂತಿನವರೆಗೆ ‘ನಮ್ ಗಿರಿಜಂಗೆ ಫಾರಿನ್ ಕೆಲ್ಸ’ ಎಂದು ಹೇಳಿಕೊಂಡು ಬಂದರು. ಕೆಲಸ ಸಿಕ್ಕಿಲ್ಲ, ಕೇಳಲು ಹೋಗುತ್ತಿದ್ದೇನೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಂಪನಿಯವರು ಬರುವಾಗ ಒಂದು ಹಾಳೆ ತರಲು ಹೇಳಿದ್ದರು. ಕನ್ನಡಕ್ಕೊಂದು ಹೊಸ ಸಾಫ್ಟ್‌ವೇರ್ ಮಾಡುವುದಾದರೆ ಮೊದಲು ಏನು, ಆಮೇಲೆ ಏನು ಎಂದು ಹಂತಹಂತವಾಗಿ ಅದರಲ್ಲಿ ಬರೆದಿರಬೇಕು. ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕಾಗುತ್ತದೆ. ಲಗ್ನಪತ್ರಿಕೆಯ ಮೊದಲ ಪ್ರೂಫ್ ನೋಡಲು ಹುಡುಗಿಯ ದೊಡ್ಡಪ್ಪ ಬರುತ್ತಾರೆ. ಯಾವಾಗಲೂ ದೊಡ್ಡಪ್ಪನೇ. ಅವರಿಗೆ ಏನಾದರೊಂದು ತಿದ್ದಲೇಬೇಕು. ತಪ್ಪು ಸಿಗದಿದ್ದರೆ ಸರಿ ಇರುವುದನ್ನೇ ಕೆಡಿಸಿ, ಅಜ್ಜನ ಬಿರುದು, ಮುತ್ತಜ್ಜನ ಊರು ಎಲ್ಲ ಸೇರಿಸಿ, ಕಾರ್ಡನ್ನು ಪಂಚಾಂಗ ಮಾಡಿಬಿಡುತ್ತಾರೆ. ಅದಕ್ಕೆ ನಾವು ಓಲ್ಡ್ ಟೌನಿನವರು ಮೊದಲ ಪ್ರೂಫಿನಲ್ಲಿ ಬೇಕೆಂದೇ ಒಂದು ತಪ್ಪು ಬಿಡುತ್ತೇವೆ. ಭಾನುವಾರದ ಮುಹೂರ್ತಕ್ಕೆ ಸೋಮವಾರ ಎಂದು ಹಾಕುತ್ತೇವೆ. ದೊಡ್ಡಪ್ಪ ಅದನ್ನು ಹಿಡಿದು ಗುಡುಗುತ್ತಾರೆ. ನಾವು ಹಣೆ ಹಣೆ ಚಚ್ಚಿಕೊಂಡು, “ಅಬ್ಬಾ, ಎಂಥಾ ಕಣ್ಣು ಸಾರ್ ನಿಮ್ದು, ನಾವ್ಯಾರೂ ನೋಡೇ ಇರ್ಲಿಲ್ಲ” ಎನ್ನುತ್ತೇವೆ. ಅವರು ಸಂತೃಪ್ತರಾಗಿ ಮಿಕ್ಕದ್ದಕ್ಕೆಲ್ಲ ಸಹಿ ಹಾಕುತ್ತಾರೆ. ಇದರಿಂದ ಓಲ್ಡ್ ಟೌನಿನಲ್ಲಿ ಎಷ್ಟೋ ಮದುವೆಗಳು ಸುಸೂತ್ರವಾಗಿ ನಡೆದಿವೆ.

ಹಾಗಾಗಿ ನನ್ನ ಹಾಳೆಯಲ್ಲೂ ಒಂದು ತಪ್ಪು ಬಿಟ್ಟೆ. ಸಾಫ್ಟ್‌ವೇರನ್ನು ಮಾರುವುದು ಮೂರನೆಯ ಹಂತ, ಅದು ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ನಾಲ್ಕನೆಯ ಹಂತ ಎಂದು ಹಾಕಿದೆ. ಎಂಥ ದೊಡ್ಡಪ್ಪನಿಗೂ ಕಾಣುವ ತಪ್ಪು.

ವಿಮಾನ ಬದಲಿಸಿದ ಊರು

ನಡುವೆ ಒಂದು ವಿಮಾನ ನಿಲ್ದಾಣದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕಿತ್ತು. ಅಲ್ಲಿನ ತಪಾಸಣೆಯ ಬಾಗಿಲು ನನ್ನನ್ನು ಕಂಡ ಕೂಡಲೇ ಕಿರುಚಿತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಅದಕ್ಕೆ ಸರಿಬರಲಿಲ್ಲ. ಅಲ್ಲಿದ್ದ ಎತ್ತರದ ಹೆಂಗಸು ಒಳಗೇನಿದೆ ಎಂದು ಕೇಳಿದಳು. (ಅಲ್ಲಿಯ ಜನರ ಮಾತನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತೇನೆ. ಅವರ ಇಂಗ್ಲಿಷ್ ನನಗೆ ಎಷ್ಟು ಅರ್ಥವಾಯಿತು ಎಂಬುದು ನನ್ನಲ್ಲೇ ಇರಲಿ.)

“ದೇವರು,” ಎಂದೆ.

ಅವಳು ತೆಗೆದು ಟ್ರೇಗೆ ಹಾಕಿ ಎಂದಳು. ಟ್ರೇಯಲ್ಲಿ ಆಗಲೇ ನನ್ನ ಚಪ್ಪಲಿಗಳು ಕುಳಿತಿದ್ದವು. ನಾನು ಸುಮಾರಿಗೆ ಎಲ್ಲದಕ್ಕೂ ಹೊಂದಿಕೊಳ್ಳುವವಳು, ಆದರೆ ಇಷ್ಟಲಿಂಗವನ್ನೂ ಚಪ್ಪಲಿಯನ್ನೂ ಒಂದೇ ಟ್ರೇಯಲ್ಲಿ ಕಳಿಸಲಾರೆ ಎಂದೆ. ಹಿಂದೆ ಸಾಲು ಬೆಳೆಯಿತು. ಯಾರೋ ಗಡಿಯಾರ ನೋಡಿಕೊಂಡರು. ಕೊನೆಗೆ ಅವಳು ಬೇರೆ ಟ್ರೇ ತಂದು, ಅದರೊಳಗೆ ಕಾಗದ ಹಾಸಿ ಕೊಟ್ಟಳು. ದೇವರು ಒಂಟಿಯಾಗಿ ಆ ಯಂತ್ರದೊಳಗೆ ಹೋಗಿ ಬಂದರು. ಹಿಂದಿನಿಂದ ಚಪ್ಪಲಿ ಬಂತು.

“ನಿಮ್ಮ ದೇವರಿಂದ ವಿಮಾನಕ್ಕೇನೂ ತೊಂದರೆ ಇಲ್ಲ,” ಎಂದು ಅವಳು ಪ್ರಮಾಣಪತ್ರ ಕೊಟ್ಟಳು. ಈ ಸಂಗತಿಯನ್ನು ನಾನು ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ.

ಡಬ್ಲಿನ್, ಬ್ರೀಡಾ ಅವರ ಮನೆ

ಕಂಪನಿಯವರು ನನ್ನನ್ನು ಇಳಿಸಿದ್ದು ಹೋಟೆಲಿನಲ್ಲಲ್ಲ, ಬ್ರೀಡಾ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಮಹಡಿಯ ಕೋಣೆಗಳನ್ನು ಅವರು ಬಾಡಿಗೆಗೆ ಕೊಡುತ್ತಿದ್ದರು. ಬಚ್ಚಲಿನಲ್ಲಿ ಎರಡು ನಲ್ಲಿ, ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜುಗಡ್ಡೆಯ ನೀರು. ಎರಡನ್ನೂ ಬೆರೆಸಲು ಬಕೆಟ್ಟಿಲ್ಲ. ಇಷ್ಟು ಮುಂದುವರಿದ ದೇಶ ಬಿಸಿಯನ್ನೂ ತಣ್ಣಗಿನದನ್ನೂ ಒಟ್ಟಿಗೆ ಸೇರಿಸುವ ವಿಷಯದಲ್ಲಿ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ನಾನು ಕೆಳಗಿಳಿದು ಒಂದು ಮಗ್ ಕೊಡಿ ಎಂದೆ. ಬ್ರೀಡಾ ಅದರಲ್ಲಿ ಚಹಾ ತುಂಬಿಸಿ ತಂದರು. ಚಹಾ ಕುಡಿದು ಅದೇ ಮಗ್ಗಿನಲ್ಲಿ ಸ್ನಾನ ಮಾಡಿದೆ.

ಮಳೆಯ ಬಗ್ಗೆ ಆ ಊರಿನ ಜನಕ್ಕೆ ಬಹಳ ಅಭಿಮಾನ. ಸಿಕ್ಕವರೆಲ್ಲ ‘ನಮ್ಮ ಮಳೆ ಹೇಗಿದೆ’ ಎಂದು ಕೇಳುತ್ತಿದ್ದರು. ಅಂಥ ಮಳೆಗೆ ನಮ್ಮ ಕಡೆ ಒಣಗಲು ಹಾಕಿದ ಬಟ್ಟೆಯನ್ನು ಕೂಡ ಒಳಗೆ ತರುವುದಿಲ್ಲ. ‘ಬಹಳ ಜೋರು’ ಎಂದು ನಾನು ಸಭ್ಯತೆಗೆ ಹೇಳುತ್ತಿದ್ದೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಧನ್ಯವಾದ ಹೇಳಿ ಇಳಿಯುತ್ತಾರೆ. ನಾನೂ ಹೇಳಿದೆ. ಅವನು ‘ದೇವರು ಒಳ್ಳೆಯದು ಮಾಡಲಿ’ ಎಂಬರ್ಥದ್ದೇನೋ ಅಂದ. ಭದ್ರಾವತಿ ಬಸ್ಸಿನಲ್ಲಿ ಡ್ರೈವರ್ ಪೂರ್ತಿ ನಿಲ್ಲಿಸುವಷ್ಟರಲ್ಲಿ ನಾವು ಇಳಿದಾಗಿರುತ್ತದೆ, ನಮ್ಮ ಒಂದು ಕಾಲು ನೆಲದ ಮೇಲಿರುವಾಗಲೇ ಕಂಡಕ್ಟರ್ ‘ರೈಟ್’ ಅಂದಿರುತ್ತಾನೆ. ಇಬ್ಬರಿಗೂ ಧನ್ಯವಾದ ಹೇಳುವ ಪುರುಸೊತ್ತಿರುವುದಿಲ್ಲ.

ಬೆಳಗ್ಗೆ ಬ್ರೀಡಾ ತಿಂಡಿ ಕೊಟ್ಟರು. ನಾನು ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ತಟ್ಟೆಯಿಂದ ಅದನ್ನು ತೆಗೆದು, ಆ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದರು. ಪಕ್ಕದಲ್ಲಿ ಆಲೂಗಡ್ಡೆ, ಅದರ ಪಕ್ಕದಲ್ಲಿ ಬೇರೆ ರೀತಿಯಲ್ಲಿ ಬೇಯಿಸಿದ ಆಲೂಗಡ್ಡೆ. “ಇನ್ನಷ್ಟು ಚಹಾ?” ಎಂದರು. ಬೇಡ ಎಂದೆ, ಅಭ್ಯಾಸಬಲದಿಂದ. “ಸ್ವಲ್ಪ?” ಬೇಡ ಬೇಡ ಎಂದೆ. ಮೂರನೆಯ ಸಲ ಕೇಳುತ್ತಾ ಕೇಳುತ್ತಾ ಸುರಿದೇಬಿಟ್ಟರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಈ ದೇಶದವರೆಲ್ಲ ನಮ್ಮವರೇ, ಇಲ್ಲೂ ಬೇಡ ಎಂದವರಿಗೆ ಒತ್ತಾಯ ಮಾಡಿ ಬಡಿಸುತ್ತಾರೆ ಎಂದು ತೀರ್ಮಾನಿಸಿದೆ. ನನ್ನನ್ನು ಹಾಳು ಮಾಡಿದ್ದು ಆ ತೀರ್ಮಾನವೇ.

“ಆ ಕಂಪನಿಗೆ ಬಂದವರೆಲ್ಲ ಇಲ್ಲೇ ಉಳಿಯೋದು,” ಎಂದರು ಬ್ರೀಡಾ. “ತಟ್ಟೆ ಖಾಲಿ ಮಾಡಿ ಹೋದವರಿಗೆ ಕೆಲಸ ಸಿಕ್ಕಿದ್ದು ನಾನಂತೂ ಕಂಡಿಲ್ಲ. ಕೆಲಸ ಬೇಕೇ ಬೇಕು ಅನ್ನುವವರಿಗೆ ಗಾಬರಿಯಲ್ಲಿ ತಿಂಡಿ ಇಳಿಯೋದಿಲ್ಲ. ನಿಮಗೆ ಕೆಲಸ ಬೇಕೇ ಬೇಕಾ?”

“ಹಾಗೇನಿಲ್ಲ,” ಎಂದೆ. ತಟ್ಟೆ ಆಗಲೇ ಖಾಲಿಯಾಗಿತ್ತು.

ಕಂಪನಿ

ಕಂಪನಿಯ ಕಟ್ಟಡದಲ್ಲಿ ಜಾರುಬಂಡೆ ಇತ್ತು, ಬಣ್ಣದ ಚೆಂಡುಗಳಿದ್ದವು, ಕೂರಲು ಕುರ್ಚಿಯ ಬದಲು ದೊಡ್ಡ ದೊಡ್ಡ ದಿಂಬುಗಳಿದ್ದವು. ನಮ್ಮ ಅಂಗನವಾಡಿಗಳಿಗೆ ಮಂಜೂರಾಗಿಯೂ ಬಾರದ ಸಾಮಾನೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಅವತ್ತು ತಿಳಿಯಿತು.

ಮೊದಲು ಬಂದವನು ಒಬ್ಬ ಎಳೆಯ ಹುಡುಗ. ಕಾಲಲ್ಲಿ ಬೂಟಿಲ್ಲ, ಬರೀ ಕಾಲುಚೀಲ. ದಿಂಬಿನ ಮೇಲೆ ಕೂರಲು ಹೇಳಿದ. ಸೀರೆ ಉಟ್ಟವರು ಅದರಲ್ಲಿ ಕೂರಬಹುದು, ಏಳಲು ಮಾತ್ರ ಯಾರಾದರೂ ಕೈಕೊಡಬೇಕು. ಅವನ ಮೊದಲ ಪ್ರಶ್ನೆ, ಡಬ್ಲಿನ್ನಿನಲ್ಲಿ ಒಟ್ಟು ಎಷ್ಟು ಛತ್ರಿಗಳಿವೆ ಎಂಬುದು.

“ಯಾಕೆ ಬೇಕಿತ್ತು?” ಎಂದು ಕೇಳಿದೆ.

ಅವನಿಗೆ ಆನಂದವಾಯಿತು. “ಅದ್ಭುತ. ಯಾಕೆ ಅಂತ ಕೇಳಿದವರು ನೀವೊಬ್ಬರೇ,” ಎಂದು ಬರೆದುಕೊಂಡ. ನಾನು ನಿಜವಾಗಿಯೂ ತಿಳಿಯಲು ಕೇಳಿದ್ದೆ. ಆಮೇಲೆ ನನ್ನ ಹಾಳೆ ಕೈಗೆತ್ತಿಕೊಂಡ. ಮೊದಲನೆಯ ಹಂತ ದಾಟಿದ, ಎರಡನೆಯದು ದಾಟಿದ, ಮೂರನೆಯದರಲ್ಲಿ ನಿಂತ. ಹಣೆ ಚಚ್ಚಿಕೊಳ್ಳಲು ನನ್ನ ಕೈ ಸಿದ್ಧವಾಯಿತು.

“ಮೊದಲು ಮಾರಾಟ, ಆಮೇಲೆ ಪರೀಕ್ಷೆ,” ಎಂದ. “ಎಷ್ಟು ವಾಸ್ತವಿಕವಾಗಿದೆ. ನಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಇಷ್ಟು ಚೆನ್ನಾಗಿ ಗೊತ್ತಿರೋದು ಅಪರೂಪ.”

ಇಷ್ಟು ವರ್ಷ ನನ್ನ ವಧುಗಳ ತಲೆಯ ಮೇಲೆ ವರರ ಒತ್ತಕ್ಷರ ಯಾಕೆ ಬೀಳುತ್ತಿತ್ತು ಎಂದು ಆಗ ಅರ್ಥವಾಯಿತು.

ಎರಡನೆಯವನೂ ಹಾಗೇ. ಹಾಳೆಯನ್ನು ಒಂದು ಸಲ ನೋಡಿ ‘ಅದ್ಭುತ’ ಎಂದ. ಅಲ್ಲಿ ಎಲ್ಲವೂ ಅದ್ಭುತ. ನಾನು ನೀರು ಬೇಕು ಎಂದದ್ದಕ್ಕೂ ಅವನು ಅದ್ಭುತ ಎಂದಿದ್ದ. ನನಗೆ ಒಳಗೊಳಗೇ ದಿಗಿಲು ಶುರುವಾಯಿತು. ಓಲ್ಡ್ ಟೌನಿನಲ್ಲಿ ಯಾರೂ ಹಿಡಿಯದ ತಪ್ಪು ಹಾಗೇ ಅಚ್ಚಾಗಿಬಿಡುತ್ತದೆ, ಆಮೇಲೆ ಜನ ಸೋಮವಾರ ಊಟಕ್ಕೆ ಬರುತ್ತಾರೆ.

ಕೊನೆಗೆ ಬಂದವರು ಇಡೀ ತಂಡದ ಮುಖ್ಯಸ್ಥೆ, ಮಾರ್ಗರೆಟ್. ನರೆತ ಕೂದಲು, ಕಾಲಲ್ಲಿ ಬೂಟು, ಕೂರಲು ಕುರ್ಚಿ, ಕೈಯಲ್ಲಿ ಪೆನ್ಸಿಲ್ಲು. ಪೆನ್ಸಿಲ್ ಕಂಡು ನನ್ನ ಜೀವ ತಂಪಾಯಿತು. ಸದ್ಯ, ದೊಡ್ಡಪ್ಪ ಬಂದರು ಎಂದುಕೊಂಡೆ. ಅವರು ಸಾಲುಸಾಲಾಗಿ ಓದಿ, ಮೂರನೆಯ ಹಂತಕ್ಕೆ ಬಂದು, ಪೆನ್ಸಿಲ್ ಊರಿದರು.

“ಪರೀಕ್ಷೆಗೆ ಮುಂಚೆ ಮಾರಾಟ ಬಂದಿದೆಯಲ್ಲ.”

ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. “ಅಬ್ಬಾ, ಎಂಥ ಕಣ್ಣು ಮೇಡಂ ನಿಮ್ಮದು. ನಾನು ನೋಡಿಯೇ ಇರಲಿಲ್ಲ.”

ನಮ್ಮ ದೊಡ್ಡಪ್ಪನಾಗಿದ್ದರೆ ಇಷ್ಟಕ್ಕೆ ಶಾಲು ಸರಿಮಾಡಿಕೊಂಡು ಕಾಫಿ ಕೇಳುತ್ತಿದ್ದರು. ಇವರು ಏನೋ ಬರೆದುಕೊಂಡರು.

“ನೋಡಿಯೇ ಇರಲಿಲ್ಲವೇ?”

“ಇಲ್ಲ ಮೇಡಂ. ನಿಮ್ಮವರೂ ಇಬ್ಬರು ನೋಡಿದರು, ಅವರಿಗೂ ಕಾಣಲಿಲ್ಲ. ನಿಮಗೊಬ್ಬರಿಗೇ ಕಂಡದ್ದು.”

ಅವರು ಅದನ್ನೂ ಬರೆದುಕೊಂಡರು. ಆಗ ನನಗೆ ಹೊಳೆಯಿತು, ನಾನು ಹೊಗಳುತ್ತಿಲ್ಲ, ನನ್ನ ಗುಂಡಿಯನ್ನೇ ತೋಡಿಕೊಳ್ಳುತ್ತಿದ್ದೇನೆ ಎಂದು. “ಅಂದರೆ, ನೋಡಿದ್ದೆ ಮೇಡಂ,” ಎಂದೆ. “ನಾನೇ ಹಾಕಿದ್ದು.”

ಪೆನ್ಸಿಲ್ ನಿಂತಿತು. ನಾನು ದೊಡ್ಡಪ್ಪನ ಕಥೆ ಹೇಳಿದೆ, ಭಾನುವಾರ ಸೋಮವಾರದ ಕಥೆ ಹೇಳಿದೆ. ನಮ್ಮ ಕಡೆ ಎಲ್ಲರಿಗೂ ನಗು ಬರುವ ಕಥೆ. ಇಂಗ್ಲಿಷಿನಲ್ಲಿ ಅದು ಪೊಲೀಸ್ ಠಾಣೆಯಲ್ಲಿ ಕೊಟ್ಟ ಹೇಳಿಕೆಯಂತೆ ಕೇಳಿಸಿತು. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಹಾಗಾದರೆ ಈಗಷ್ಟೇ ನೋಡಿರಲಿಲ್ಲ ಅಂದಿರಲ್ಲ?”

“ಅದು ಮರ್ಯಾದೆಗೆ ಹೇಳಿದ್ದು ಮೇಡಂ.”

“ಯಾರ ಮರ್ಯಾದೆಗೆ?”

ಇಷ್ಟು ವರ್ಷದ ಕಸುಬಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. “ನಿಮ್ಮ ಮರ್ಯಾದೆಗೆ,” ಎಂದೆ.

“ನಾನು ಕೇಳಿರಲಿಲ್ಲ,” ಎಂದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ದಾರಿ ಗೊತ್ತಿತ್ತು, ಸಮಾಧಾನ ಮಾಡುತ್ತಿದ್ದೆ. ಆಮೇಲೆ ಅವರು ನನ್ನ ಹಾಳೆಯನ್ನು ಮಡಿಸಿ, ಕೊನೆಯದೊಂದು ಪ್ರಶ್ನೆ ಎಂದರು. “ನಿಮಗೆ ಈ ಕೆಲಸ ಬೇಕೆ?”

ಬೇಕು. ಎದೆಯೊಳಗೆ ಅದೊಂದೇ ಪದ ಹೊಡೆದುಕೊಳ್ಳುತ್ತಿತ್ತು. ಆದರೆ ಹೀಗೆ ಮುಖ ನೋಡಿ ಕೇಳಿದರೆ ಬೇಕು ಎನ್ನುವ ರೂಢಿ ನಮ್ಮ ಮನೆಯಲ್ಲಿಲ್ಲ. ಎರಡನೆಯ ಹೋಳಿಗೆಗೂ ನಾನು ಬೇಕು ಎಂದವಳಲ್ಲ. “ಕೊಟ್ಟರೆ ಮಾಡ್ತೀನಿ ಮೇಡಂ,” ಎಂದೆ, ನೆಲ ನೋಡುತ್ತಾ.

ಇನ್ನೊಂದು ಸಲ ಕೇಳುತ್ತಾರೆ ಎಂದು ಕಾದೆ. ಬ್ರೀಡಾ ಆಗಿದ್ದರೆ ಇಷ್ಟರಲ್ಲಿ ಚಹಾ ಸುರಿದಾಗಿರುತ್ತಿತ್ತು. ಮಾರ್ಗರೆಟ್ ಎದ್ದು ಕೈಕುಲುಕಿದರು.

ಮತ್ತೆ ಗೋಪಾಳ

ನಾನು ಊರಿಗೆ ಬಂದ ಮೇಲೆ ಕಂಪನಿಯ ಮೇಲ್ ಬಂತು. ಎಷ್ಟು ನಯವಾಗಿತ್ತೆಂದರೆ ಮೊದಲ ಸಲ ಓದಿದಾಗ ಕೆಲಸ ಸಿಕ್ಕಿತೆಂದೇ ತಿಳಿದೆ. ನನ್ನನ್ನು ಭೇಟಿಯಾದದ್ದು ಅವರಿಗೆ ಬಹಳ ಸಂತೋಷ ತಂದಿತ್ತು. ನನ್ನ ಅನುಭವ ಅದ್ಭುತವಾಗಿತ್ತು. ತುಂಬ ಕೆಳಗೆ, ಯಾರಿಗೂ ನೋವಾಗದ ಹಾಗೆ ಒಂದು ಸಾಲಿನಲ್ಲಿ, ಬೇರೆಯವರನ್ನು ತೆಗೆದುಕೊಂಡಿದ್ದೇವೆ ಎಂದಿತ್ತು. ನಾನು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಪ್ರಿಂಟರಿನ ಹಿಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಯಾರೋ ಗೃಹಪ್ರವೇಶದ ಕಾರ್ಡಿಗೆ ಬಂದವರು ಬಗ್ಗಿ ನೋಡಿ, “ಕರೆಂಟಿಲ್ವಾ ಮೇಡಂ?” ಎಂದರು. ಇಲ್ಲ ಎಂದೆ.

ಸಂಜೆ ಮನೆಯಲ್ಲಿ ಹೇಳಿದೆ. “ಹೋಗ್ಲಿ ಬಿಡು, ಊರು ನೋಡ್ಕೊಂಡ್ ಬಂದ್ಯಲ್ಲ,” ಎಂದರು ಗಂಡ. ನಾನೇ ಹೇಳಿಕೊಟ್ಟ ಮಾತು, ಅವರನ್ನು ದೂರುವಂತಿರಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯ ಸರೋಜಮ್ಮ ಒಂದು ತಟ್ಟೆ ಕೋಡುಬಳೆ ಹಿಡಿದುಕೊಂಡು ಬಂದರು. ಕೋಡುಬಳೆ ನೆಪ ಮಾತ್ರ. ಕೂತವರೇ, “ಯಾವಾಗ ಹೊರಡೋದು ಗಿರಿಜಾ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಾಫಿ ಹಿಡಿದು ಬಂದರು. “ಅಯ್ಯೋ, ಏನ್ ಕೇಳ್ತೀರ. ಕೆಲ್ಸ ಕೊಡ್ತೀವಿ ಬಾ ಅಂತ ಬೆನ್ನಿಗೇ ಬಿದ್ರಂತೆ. ಇವ್ಳೇ ಬ್ಯಾಡ ಅಂದ್ಲು. ಆ ಚಳಿ, ಆ ಊಟ, ಯಾರಿಗ್ ಬೇಕು ಹೇಳಿ.”

ಸರೋಜಮ್ಮನ ಮುಖ ಹಗುರಾಯಿತು. “ಒಳ್ಳೇದಾಯ್ತು ಬಿಡಿ,” ಎಂದರು. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಅತ್ತೆಯ ಮರ್ಯಾದೆ, ನನ್ನ ಮರ್ಯಾದೆ, ಇಡೀ ಗೋಪಾಳದ ಮರ್ಯಾದೆ ಉಳಿಯುತ್ತಿತ್ತು.

“ಇಲ್ಲ ಸರೋಜಮ್ಮ,” ಎಂದೆ. “ನಂಗೆ ಆ ಕೆಲ್ಸ ಬೇಕಿತ್ತು. ತುಂಬಾ ಬೇಕಿತ್ತು. ಅವ್ರು ಕೊಡ್ಲಿಲ್ಲ.”

ಸರೋಜಮ್ಮನ ಕೈಯ ಕೋಡುಬಳೆ ಬಾಯಿಯ ಹತ್ತಿರ ನಿಂತಿತು. ನಮ್ಮ ಬಡಾವಣೆಯಲ್ಲಿ ಕಾಫಿ ಕುಡಿಯುವಾಗ ಇಂಥ ಮಾತು ಆಡುವುದಿಲ್ಲ. ಅವರಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಎದ್ದು ಹೋದರು.

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಸರೋಜಮ್ಮ ಬಿಟ್ಟುಹೋದ ಕಾಫಿಯನ್ನು ಪಕ್ಕಕ್ಕಿಟ್ಟು, ನನ್ನೆದುರು ಕೂತರು.

“ಅಷ್ಟು ಬೇಕಿತ್ತೇನೆ?”

“ಹೂಂ.”

“ಅವ್ರ ಹತ್ರ ಹಿಂಗೇ ಹೇಳ್ದ್ಯಾ?”

“ಇಲ್ಲ.”

“ಯಾಕೆ?”

“ಒಂದೇ ಸಲ ಕೇಳಿದ್ರು ಅತ್ತೆ.”

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. “ಫಾರಿನ್ ಫಾರಿನ್ ಅಂತ ಊರೆಲ್ಲಾ ಹೇಳ್ಕೊಂಡ್ ಬಂದೆ. ನೀನ್ ಹೋಗೋದು ನಂಗೆ ಒಂಚೂರೂ ಬೇಕಿರ್ಲಿಲ್ಲ.”

“ಮತ್ತೆ ಹೇಳ್ಬಾರ್ದಿತ್ತಾ ಅತ್ತೆ?”

“ನೀನು ಒಂದ್ಸಲನೂ ಕೇಳ್ಲಿಲ್ವಲ್ಲ ಮಾರಾಯ್ತಿ.”